ಕೃತಕ ಸೊಂಟದ ಕೀಲಿನಲ್ಲಿ ನೋವು: ಸಡಿಲವೋ, ಸೋಂಕೋ? ಒಂದು ಬಿಳಿ ರಕ್ತಕಣ ಸ್ಕ್ಯಾನ್‌ನ ಪ್ರಕರಣ

62 ವರ್ಷದ ಮಹಿಳೆ. ನಾಲ್ಕು ವರ್ಷದ ಹಿಂದೆ ಬಲ ಸೊಂಟದ ಕೀಲು ಬದಲಾಯಿಸಿಕೊಂಡಿದ್ದರು. ಮೊದಲ ಮೂರು ವರ್ಷ ಏನೂ ತೊಂದರೆ ಇರಲಿಲ್ಲ. ಆಮೇಲೆ ತೊಡೆಯಲ್ಲಿ ನೋವು ಶುರುವಾಯಿತು. ಮೊದಮೊದಲು ಕೂತು ಎದ್ದಾಗ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಹೋಗುತ್ತಿತ್ತು. ಎಂಟು ತಿಂಗಳು ಕಳೆಯುವುದರೊಳಗೆ ಮಲಗಿದರೂ ಬಿಡದ ನೋವಾಯಿತು. ಜ್ವರ ಇಲ್ಲ. ಆಪರೇಷನ್ ಆದ ಜಾಗ ನೋಡಲು ಚೆನ್ನಾಗಿಯೇ ಇದೆ: ಕೆಂಪಿಲ್ಲ, ಬಾವಿಲ್ಲ, ಕೀವು ಸೋರುತ್ತಿಲ್ಲ.

ಇವರ ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಇಂಥ ಬೇರೆ ಪ್ರಕರಣಗಳ ಸಣ್ಣಪುಟ್ಟ ಸಂಗತಿಗಳನ್ನೂ ಸೇರಿಸಿಕೊಂಡಿದ್ದೇನೆ. ಹಾಗಾಗಿ ಇದನ್ನು ಒಬ್ಬರ ಫೈಲ್ ಅಂತ ಓದಬೇಡಿ, ಒಂದು ಮಾದರಿ ಅಂತ ಓದಿ.

ಶಸ್ತ್ರಚಿಕಿತ್ಸಕರು ನಮ್ಮ ನ್ಯೂಕ್ಲಿಯರ್ ಮೆಡಿಸಿನ್ (ವಿಕಿರಣ ಸೂಸುವ ವಸ್ತು ಕೊಟ್ಟು ದೇಹದ ಚಿತ್ರ ತೆಗೆಯುವ) ವಿಭಾಗಕ್ಕೆ ಕಳಿಸಿದ ಚೀಟಿಯಲ್ಲಿ ಒಂದೇ ಸಾಲು ಇತ್ತು: "ಸಡಿಲವೋ, ಸೋಂಕೋ?"

ಒಂದೇ ಸಾಲಾದರೂ ಭಾರವಾದ ಪ್ರಶ್ನೆ. ಕೀಲು ಸುಮ್ನೆ ಸಡಿಲವಾಗಿದ್ದರೆ ಒಂದು ಆಪರೇಷನ್ ಸಾಕು. ಹಳೆಯದನ್ನು ತೆಗೆದು ಅದೇ ಹೊತ್ತಿನಲ್ಲಿ ಹೊಸದು ಕೂರಿಸುತ್ತಾರೆ. ಸೋಂಕು ಇದ್ದರೆ ಲೆಕ್ಕವೇ ಬೇರೆ. ಬಹಳಷ್ಟು ಸಲ ಎರಡು ಹಂತದ ಆಪರೇಷನ್ ಆಗುತ್ತದೆ. ಮೊದಲು ಲೋಹವನ್ನೆಲ್ಲ ತೆಗೆದು, ಆ ಜಾಗದಲ್ಲಿ ಆ್ಯಂಟಿಬಯಾಟಿಕ್ ಬೆರೆಸಿದ ಸಿಮೆಂಟಿನ ತಾತ್ಕಾಲಿಕ ಕೀಲು ಇಡುತ್ತಾರೆ. ವಾರಗಟ್ಟಲೆ ಔಷಧಿ ಕೊಟ್ಟು, ಆಮೇಲೆ ಹೊಸ ಕೀಲು ಹಾಕುತ್ತಾರೆ. ಸೋಂಕಿದ್ದೂ ಗೊತ್ತಾಗದೆ ಹೊಸ ಕೀಲು ಕೂರಿಸಿದರೆ ಅದೂ ಕೆಡುತ್ತದೆ. ಸೋಂಕಿಲ್ಲದವರಿಗೆ ಇದೆ ಅಂದುಬಿಟ್ಟರೆ ತಿಂಗಳುಗಟ್ಟಲೆ ನಡಿಗೆಯೇ ಹೋಗುತ್ತದೆ, ಅದೂ ಸುಮ್ಮಸುಮ್ಮನೆ.

ಕೈಯಲ್ಲಿ ಏನೇನಿತ್ತು

ರಕ್ತದಲ್ಲಿ ಉರಿಯೂತ ತೋರಿಸುವ ಎರಡು ಪರೀಕ್ಷೆಗಳು: ಸಿಆರ್‌ಪಿ ಲೀಟರಿಗೆ 14 ಮಿಲಿಗ್ರಾಂ, ಇಎಸ್‌ಆರ್ 42. ಬೇರೆಯವರಿಗಾದರೆ ಇದು ಸೋಂಕಿನ ಕಡೆ ವಾಲುವ ಸಂಖ್ಯೆ. ಆದರೆ ಇವರಿಗೆ ಹನ್ನೆರಡು ವರ್ಷದಿಂದ ರುಮಟಾಯ್ಡ್ ಸಂಧಿವಾತ (ಕೀಲುಗಳಲ್ಲಿ ದೀರ್ಘಕಾಲ ಉರಿಯೂತ ಇರುವ ಕಾಯಿಲೆ) ಇದೆ, ಅದಕ್ಕೆ ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುತ್ತಾರೆ. ಹಳೆಯ ರಿಪೋರ್ಟ್‌ಗಳನ್ನು ತಿರುವಿದರೆ ಕೀಲು ಚೆನ್ನಾಗಿದ್ದ ವರ್ಷಗಳಲ್ಲೂ ಸಿಆರ್‌ಪಿ 9, 11, 12 ಅಂತಲೇ ಇತ್ತು. ಅಂದಮೇಲೆ 14ಕ್ಕೆ ಏನು ಬೆಲೆ?

ಎಕ್ಸ್-ರೇಯಲ್ಲಿ ತೊಡೆಮೂಳೆಯೊಳಗೆ ಇಳಿದ ಲೋಹದ ಕಡ್ಡಿಯ ಪಕ್ಕ, ಅದನ್ನು ಸ್ಟೆಮ್ ಅನ್ನುತ್ತೇವೆ, ಕೆಳ ಅರ್ಧದಲ್ಲಿ ಹೊರಬದಿಗೆ ತೆಳುವಾದ ಕಪ್ಪು ಗೆರೆ ಕಾಣುತ್ತಿತ್ತು. ಸಡಿಲವಾದರೂ ಹಾಗೇ ಕಾಣುತ್ತದೆ, ಸೋಂಕಾದರೂ ಹಾಗೇ ಕಾಣುತ್ತದೆ. ಲೋಹದ ತೊಂದರೆ ಕಡಿಮೆ ಮಾಡುವ ವಿಧಾನದಲ್ಲೇ ಎಂಆರ್‌ಐ ಮಾಡಿದ್ದರು. ಕೀವಿನ ಗಡ್ಡೆ ಇಲ್ಲ ಎಂದಷ್ಟೇ ಅದರಿಂದ ಗೊತ್ತಾಯಿತು.

ಕೀಲಿನಿಂದ ಸೂಜಿ ಹಾಕಿ ದ್ರವ ತೆಗೆದಿದ್ದರು. ಸಿಕ್ಕಿದ್ದು ಒಂದು ಮಿಲಿಲೀಟರ್. ಬಿಳಿಕಣ ಮೈಕ್ರೋಲೀಟರಿಗೆ 2,100. ಅದರಲ್ಲಿ ನ್ಯೂಟ್ರೋಫಿಲ್ ಎಂಬ ಬಗೆಯ ಬಿಳಿಕಣ 72 ಶೇಕಡಾ. ಕಲ್ಚರ್, ಅಂದರೆ ಕೀಟಾಣು ಬೆಳೆಸಿ ನೋಡುವ ಪರೀಕ್ಷೆ, ನೆಗೆಟಿವ್. ಮೂಳೆ-ಕೀಲು ಸೋಂಕಿನ ಯುರೋಪಿಯನ್ ಸೊಸೈಟಿ 2021ರಲ್ಲಿ ಪ್ರಕಟಿಸಿದ ವ್ಯಾಖ್ಯೆಯ ಪ್ರಕಾರ 3,000 ದಾಟಿದರೆ ಸೋಂಕು ಖಚಿತ, 1,500ರ ಒಳಗಿದ್ದರೆ ಸಾಧ್ಯತೆ ಕಡಿಮೆ. ಇವರದ್ದು ನಡುವೆ, "ಇರಬಹುದು" ಎನ್ನುವ ಗುಂಪಿನಲ್ಲಿ. ಇಲ್ಲೂ ಸಂಧಿವಾತ ಅಡ್ಡ ಬಂತು, ಏಕೆಂದರೆ ಅದೊಂದೇ ಸಾಕು ಕೀಲಿನ ದ್ರವದಲ್ಲಿ ಬಿಳಿಕಣ ಹೆಚ್ಚಿಸಲು. ಕಲ್ಚರ್ ನೆಗೆಟಿವ್ ಅಂತ ಸಮಾಧಾನ ಪಡುವ ಹಾಗೂ ಇರಲಿಲ್ಲ. ದ್ರವ ತೆಗೆಯುವ ಐದು ದಿನ ಮೊದಲಿನವರೆಗೂ ಅವರು ಆ್ಯಂಟಿಬಯಾಟಿಕ್ ಮಾತ್ರೆ ನುಂಗುತ್ತಿದ್ದರು. ನೋವು ಅಂದಾಗಲೆಲ್ಲ ಯಾರೋ ಒಬ್ಬರು ಒಂದು ವಾರದ ಕೋರ್ಸ್ ಬರೆದುಕೊಟ್ಟಿದ್ದರು. ಕಲ್ಚರ್‌ಗೆ ಕನಿಷ್ಠ ಎರಡು ವಾರ ಮೊದಲು ಇವನ್ನು ನಿಲ್ಲಿಸಬೇಕು. ಇಲ್ಲದಿದ್ದರೆ ಕೀಟಾಣು ಕೀಲಿನಲ್ಲಿ ಇದ್ದೂ ತಟ್ಟೆಯಲ್ಲಿ ಬೆಳೆಯುವುದಿಲ್ಲ.

ಇದರ ಜೊತೆಗೆ ಬೇರೆಡೆ ಮಾಡಿಸಿದ ಮೂರು ಹಂತದ ಬೋನ್ ಸ್ಕ್ಯಾನ್ ಇತ್ತು. ಮೂರು ಹಂತವೂ ಪಾಸಿಟಿವ್. "ಸೋಂಕಿನ ಸಾಧ್ಯತೆ, ರೋಗಲಕ್ಷಣಗಳ ಜೊತೆ ಹೊಂದಿಸಿ ನೋಡುವುದು" ಎಂದು ಬರೆದು ಕೈತೊಳೆದುಕೊಂಡಿದ್ದರು. ಈ ವಾಕ್ಯ ನನಗೆ ಸಿಟ್ಟು ಬರಿಸುತ್ತದೆ. ಲಕ್ಷಣಗಳಿಂದ ಗೊತ್ತಾಗದ್ದಕ್ಕೇ ಅಲ್ವಾ ಸ್ಕ್ಯಾನ್‌ಗೆ ಕಳಿಸಿದ್ದು? ಬೋನ್ ಸ್ಕ್ಯಾನ್‌ನಲ್ಲಿ ಟೆಕ್ನೀಷಿಯಂ ಎಂಬ ವಿಕಿರಣ ಸೂಸುವ ಲೋಹ ಅಂಟಿಸಿದ ಎಂಡಿಪಿ ಎಂಬ ವಸ್ತು, ಮೂಳೆ ಎಲ್ಲಿ ಹೊಸದಾಗಿ ಕಟ್ಟಿಕೊಳ್ಳುತ್ತಿದೆಯೋ ಅಲ್ಲಿ ಕೂರುತ್ತದೆ. ಸಡಿಲ ಕಡ್ಡಿ ಅಲ್ಲಾಡಿದರೂ ಮೂಳೆ ಕಟ್ಟುತ್ತದೆ, ಸೋಂಕಾದರೂ ಕಟ್ಟುತ್ತದೆ. ನೆಗೆಟಿವ್ ಬಂದಿದ್ದರೆ ಆ ಸ್ಕ್ಯಾನ್ ಬಹಳ ಉಪಯೋಗಕ್ಕೆ ಬರುತ್ತಿತ್ತು. ಪಾಸಿಟಿವ್ ಬಂದಾಗ ಪ್ರಶ್ನೆ ಇದ್ದಲ್ಲೇ ಇರುತ್ತದೆ.

ಯಾವ ಟ್ರೇಸರ್?

ಟ್ರೇಸರ್ ಅಂದರೆ ದೇಹದೊಳಗೆ ಎಲ್ಲಿಗೆ ಹೋಯಿತು ಎಂದು ಕ್ಯಾಮೆರಾಗೆ ಕಾಣುವ, ವಿಕಿರಣ ಸೂಸುವ ವಸ್ತು. ನಮ್ಮ ಮುಂದಿದ್ದ ದಾರಿಗಳು ಮೂರು. ಗ್ಯಾಲಿಯಂ, ಎಫ್‌ಡಿಜಿ ಪೆಟ್, ಗುರುತು ಹಚ್ಚಿದ ಬಿಳಿಕಣ.

ಗ್ಯಾಲಿಯಂ-67 ಈ ಮೂರರಲ್ಲಿ ಹಿರಿಯದು. ಅದು ಉರಿಯೂತದ ಜಾಗದಲ್ಲಿ ಸೇರುತ್ತದೆ ಎಂದು 1971ರಲ್ಲಿ ವರದಿಯಾಯಿತು. ದೇಹ ಅದನ್ನು ಕಬ್ಬಿಣ ಎಂದುಕೊಂಡು ಟ್ರಾನ್ಸ್‌ಫೆರಿನ್ ಎಂಬ ಪ್ರೊಟೀನ್‌ಗೆ ಕಟ್ಟಿ ಸಾಗಿಸುತ್ತದೆ. ಸೋಂಕಿನ ಜಾಗದಲ್ಲಿ ಲ್ಯಾಕ್ಟೋಫೆರಿನ್ ಎಂಬ ಇನ್ನೊಂದು ಪ್ರೊಟೀನ್ ಅದನ್ನು ಹಿಡಿದುಕೊಳ್ಳುತ್ತದೆ, ಕಬ್ಬಿಣಕ್ಕಾಗಿ ಹಾತೊರೆಯುವ ಬ್ಯಾಕ್ಟೀರಿಯಾ ಕೂಡ ಹಿಡಿದುಕೊಳ್ಳುತ್ತವೆ. ಆದರೆ ಅರ್ಧಾಯುಷ್ಯ (ವಿಕಿರಣ ಅರ್ಧಕ್ಕಿಳಿಯುವ ಸಮಯ) 78 ಗಂಟೆ, ಚಿತ್ರಕ್ಕೆ ಎರಡು-ಮೂರು ದಿನ ಕಾಯಬೇಕು, ವಿಕಿರಣದ ಡೋಸ್ ಜಾಸ್ತಿ. ಎಲ್ಲಕ್ಕಿಂತ ಮುಖ್ಯವಾಗಿ, ಹೊಸ ಮೂಳೆ ಕಟ್ಟುವ ಜಾಗಕ್ಕೂ ಅದು ಹೋಗುತ್ತದೆ. ಬೋನ್ ಸ್ಕ್ಯಾನ್‌ನ ಗೊಂದಲವೇ ಮತ್ತೆ. ಬೆನ್ನುಮೂಳೆಯ ಸೋಂಕಾಗಿದ್ದರೆ ಇದನ್ನೋ ಎಫ್‌ಡಿಜಿಯನ್ನೋ ಆರಿಸುತ್ತಿದ್ದೆ, ಏಕೆಂದರೆ ಬೆನ್ನುಮೂಳೆಯ ಸೋಂಕಿನಲ್ಲಿ ಗುರುತು ಹಚ್ಚಿದ ಬಿಳಿಕಣಗಳು ಎಷ್ಟೋ ಸಲ ಒಳಗೇ ಹೋಗುವುದಿಲ್ಲ. ಸೋಂಕಿನ ಜಾಗ ಬೆಳಗುವ ಬದಲು ಕಪ್ಪಾಗಿ ಕಾಣುತ್ತದೆ.

ಎಫ್‌ಡಿಜಿ ಬಗ್ಗೆ ಶಸ್ತ್ರಚಿಕಿತ್ಸಕರಿಗೆ ಆಸೆ ಇತ್ತು. ಎರಡು ಗಂಟೆಯಲ್ಲಿ ಮುಗಿಯುತ್ತದೆ, ಚಿತ್ರ ಚೆನ್ನ. ಫ್ಲೋರಿನ್-18 ಅಂಟಿಸಿದ ಸಕ್ಕರೆ ಅದು. ಕೆರಳಿದ ಬಿಳಿಕಣಗಳು ಸಕ್ಕರೆಯನ್ನು ಬಾಚಿ ಬಾಚಿ ಒಳಗೆಳೆದುಕೊಳ್ಳುತ್ತವೆ. ಮೊದಲ ಹಂತದ ಮಾರ್ಪಾಡಾದ ಮೇಲೆ ಅದು ಮುಂದೆ ಕರಗದೆ ಜೀವಕೋಶದೊಳಗೇ ಸಿಕ್ಕಿಬೀಳುತ್ತದೆ. ಕಾರಣ ಗೊತ್ತಿಲ್ಲದ ಜ್ವರದಲ್ಲಿ ನಾನು ಮೊದಲು ಕೇಳುವುದು ಇದನ್ನೇ. ಆದರೆ ಇಲ್ಲಿ ಎರಡು ಅಡ್ಡಿ. ಕೃತಕ ಸೊಂಟದ ಕುತ್ತಿಗೆಯ (ಚೆಂಡಿಗೂ ಕಡ್ಡಿಗೂ ನಡುವಿನ ಭಾಗದ) ಸುತ್ತ ಸೋಂಕಿಲ್ಲದಿದ್ದರೂ ವರ್ಷಗಟ್ಟಲೆ ಎಫ್‌ಡಿಜಿ ಬೆಳಗುತ್ತದೆ. ಮೇಲಾಗಿ ಇವರದ್ದು ಸಂಧಿವಾತ. ಉರಿಯೂತ ಇದೆ ಅಂತ ಈಗಾಗಲೇ ಗೊತ್ತಿರುವವರಲ್ಲಿ "ಉರಿಯೂತ ಇದೆಯೇ" ಎಂದು ಕೇಳಿ ಏನು ಪ್ರಯೋಜನ?

ಉಳಿದದ್ದು ಬಿಳಿಕಣ. ರೋಗಿಯ ರಕ್ತ ತೆಗೆದು, ಬಿಳಿಕಣಗಳನ್ನು ಬೇರ್ಪಡಿಸಿ, ಅವಕ್ಕೆ ವಿಕಿರಣದ ಗುರುತು ಹಚ್ಚಿ, ಅದೇ ರೋಗಿಗೆ ವಾಪಸ್ ಕೊಟ್ಟು, ಅವು ಎಲ್ಲಿಗೆ ಹೋಗುತ್ತವೆ ಅಂತ ನೋಡುವುದು. 1970ರ ದಶಕದಲ್ಲಿ ಇಂಡಿಯಂ-111 ಬಳಸಿ ಇದು ಸಾಧ್ಯವಾಯಿತು. 1986ರಿಂದ ಟೆಕ್ನೀಷಿಯಂ-99ಎಂ ಮತ್ತು ಅದನ್ನು ಕಣದೊಳಗೆ ಒಯ್ಯುವ ಎಚ್‌ಎಂಪಿಎಒ ಜೋಡಿ ಬಂತು. ಅರ್ಧಾಯುಷ್ಯ 6 ಗಂಟೆ, ಗಾಮಾ ಕಿರಣದ ಶಕ್ತಿ 140 ಕಿಲೋ ಎಲೆಕ್ಟ್ರಾನ್ ವೋಲ್ಟ್, ಕ್ಯಾಮೆರಾಗೆ ಹೇಳಿ ಮಾಡಿಸಿದ ಹಾಗೆ. ಸಂಧಿವಾತದಂಥ ದೀರ್ಘಕಾಲದ ಉರಿಯೂತದಲ್ಲಿ ಲಿಂಫೋಸೈಟ್ ಮತ್ತು ಮ್ಯಾಕ್ರೋಫೇಜ್ ಎಂಬ ಬೇರೆ ಬಗೆಯ ರಕ್ಷಣಾ ಕಣಗಳ ಪಾಲು ದೊಡ್ಡದು. ಬ್ಯಾಕ್ಟೀರಿಯಾ ಸೋಂಕಿಗೆ ಓಡಿ ಬರುವುದು ಮುಖ್ಯವಾಗಿ ನ್ಯೂಟ್ರೋಫಿಲ್. ಎಚ್‌ಎಂಪಿಎಒ ಚೆನ್ನಾಗಿ ನಿಲ್ಲುವುದೂ ನ್ಯೂಟ್ರೋಫಿಲ್‌ನಲ್ಲೇ. ಹಾಗಾಗಿ ಇದನ್ನೇ ಆರಿಸಿದೆವು.

ಅವರ ರಕ್ತ, ಅವರಿಗೇ

"ನನ್ನ ರಕ್ತ ತೆಗೆದು ಮತ್ತೆ ನನಗೇ ಹಾಕ್ತೀರಾ ಡಾಕ್ಟ್ರೇ? ಹಾಗಾದ್ರೆ ತೆಗೆಯೋದ್ಯಾಕೆ?" ಅಂತ ಕೇಳಿದರು. ಪ್ರಶ್ನೆ ಸರಿಯಾಗಿಯೇ ಇದೆ. "ರಕ್ತದಲ್ಲಿ ಸೋಂಕಿನ ಮೇಲೆ ಹೋಗೋ ಕಣಗಳಿವೆ ಅಮ್ಮ. ಅವಕ್ಕೆ ಗುರುತು ಹಾಕಿ ಬಿಡ್ತೀವಿ, ಆಮೇಲೆ ಹಿಂದೆ ಹಿಂದೆ ಹೋಗ್ತೀವಿ" ಎಂದೆ. "ಬೇರೆಯವರದ್ದು ಹಾಕಿಬಿಡಬೇಡಿ ಮತ್ತೆ" ಎಂದು ನಕ್ಕರು.

ಅವರು ನಕ್ಕರೂ ಈ ಕೆಲಸದಲ್ಲಿ ನಮಗಿರುವ ದೊಡ್ಡ ಭಯ ಅದೇ. ಒಂದು ಹೊತ್ತಿಗೆ ಒಬ್ಬರದ್ದೇ ರಕ್ತ ಮೇಜಿನ ಮೇಲೆ ಇರಬೇಕು. ಪ್ರತಿ ಟ್ಯೂಬಿನ ಮೇಲೂ ಹೆಸರು, ಸಂಖ್ಯೆ. ವಾಪಸ್ ಕೊಡುವಾಗ ಇಬ್ಬರು ಬೇರೆ ಬೇರೆಯಾಗಿ ಓದಿ ತಾಳೆ ನೋಡಬೇಕು.

ಎಸಿಡಿ ಎನ್ನುವ ಹೆಪ್ಪುರೋಧಕ 9 ಮಿಲಿಲೀಟರ್ ತುಂಬಿದ ಸಿರಿಂಜಿಗೆ 51 ಮಿಲಿಲೀಟರ್ ರಕ್ತ ತೆಗೆದೆವು. ಸೂಜಿ ದಪ್ಪದ್ದೇ ಬೇಕು, ಸಣ್ಣದರಲ್ಲಿ ಎಳೆದರೆ ಕಣಗಳು ಪೆಟ್ಟು ತಿನ್ನುತ್ತವೆ. ಅವರ ಬಿಳಿಕಣದ ಲೆಕ್ಕ 7,200 ಇತ್ತು, ಅಂದರೆ ಆ ಸಿರಿಂಜಿನಲ್ಲಿ 36 ಕೋಟಿಗೂ ಹೆಚ್ಚು ಬಿಳಿಕಣ. ಸ್ಟಾರ್ಚ್ ದ್ರಾವಣ ಬೆರೆಸಿ ನೆಟ್ಟಗೆ ನಿಲ್ಲಿಸಿದರೆ ಕೆಂಪುಕಣ ನಿಧಾನವಾಗಿ ಕೆಳಗಿಳಿಯುತ್ತದೆ. ಮೇಲೆ ಹುಲ್ಲಿನ ಬಣ್ಣದ ಪ್ಲಾಸ್ಮಾ, ಅದರಲ್ಲಿ ಬಿಳಿಕಣ ತೇಲುತ್ತಿರುತ್ತದೆ. ಸಾಮಾನ್ಯವಾಗಿ ಮುಕ್ಕಾಲು ಗಂಟೆ ಹಿಡಿಯುತ್ತದೆ. ಇವರದ್ದು ಅರ್ಧ ಗಂಟೆಯಲ್ಲೇ ಇಳಿಯಿತು. ಇಎಸ್‌ಆರ್ ಜಾಸ್ತಿ ಇದ್ದವರಲ್ಲಿ ಹೀಗೇ ಆಗುತ್ತದೆ, ಆ ಪರೀಕ್ಷೆ ಅಳೆಯುವುದೇ ಕೆಂಪುಕಣ ಇಳಿಯುವ ವೇಗವನ್ನು.

ಮೇಲಿನ ಪ್ಲಾಸ್ಮಾವನ್ನು ಸೆಂಟ್ರಿಫ್ಯೂಜ್‌ನಲ್ಲಿ ಮೆಲ್ಲಗೆ, 150 ಜಿ ಬಲದಲ್ಲಿ ಐದು ನಿಮಿಷ ತಿರುಗಿಸಿದಾಗ ಬಿಳಿಕಣ ತಳದಲ್ಲಿ ಗುಂಡಿಯಂತೆ ಕೂರುತ್ತದೆ, ಪ್ಲೇಟ್‌ಲೆಟ್‌ಗಳು ಬಹುಪಾಲು ಮೇಲೇ ಉಳಿಯುತ್ತವೆ. ಜೋರಾಗಿ ತಿರುಗಿಸಿದರೆ ಪ್ಲೇಟ್‌ಲೆಟ್ ಕೂಡ ಕೆಳಗೆ ಬಂದು ಗುರುತನ್ನು ಕಬಳಿಸುತ್ತದೆ. ಆ ಗುಂಡಿಯ ಮೇಲೆ ಆಗಷ್ಟೇ ತಯಾರಿಸಿದ ಎಚ್‌ಎಂಪಿಎಒ, 370 ಮೆಗಾಬೆಕ್ವೆರೆಲ್ (ವಿಕಿರಣಶೀಲತೆಯ ಅಳತೆ). ಹತ್ತು ನಿಮಿಷ. ಈ ಹತ್ತು ನಿಮಿಷ ಟ್ಯೂಬನ್ನು ಕೈಯಲ್ಲಿ ಹಿಡಿದು ಆಗಾಗ ಸುತ್ತಿಸಬೇಕು, ಕುಲುಕಬಾರದು. ಎಚ್‌ಎಂಪಿಎಒ ಕೊಬ್ಬಿನಲ್ಲಿ ಕರಗುವ ವಸ್ತು, ಕಣದ ಪೊರೆ ದಾಟಿ ಒಳಗೆ ನುಗ್ಗುತ್ತದೆ. ಒಳಗೆ ಹೋದಮೇಲೆ ನೀರಿನಲ್ಲಿ ಕರಗುವ ರೂಪಕ್ಕೆ ತಿರುಗಿ, ಹೊರಗೆ ಬರಲಾಗದೆ ಉಳಿಯುತ್ತದೆ. ಅದು ಬೇಗ ಕೆಡುವ ವಸ್ತು ಕೂಡ. ಟೆಕ್ನೀಷಿಯಂ ತಯಾರಾಗುವ ಸಾಧನದಿಂದ, ಅಂದರೆ ಜನರೇಟರ್‌ನಿಂದ, ಅದನ್ನು ತಾಜಾ ಇಳಿಸಿಕೊಂಡು, ಬೆರೆಸಿದ ಕೂಡಲೇ ಬಳಸಬೇಕು.

ತೊಳೆದು ಅಳೆದಾಗ ಕಣಗಳಲ್ಲಿ 230 ಮೆಗಾಬೆಕ್ವೆರೆಲ್, ತೊಳೆದ ನೀರಿನಲ್ಲಿ 140. ಅಂದರೆ 62 ಶೇಕಡಾ ಅಂಟಿದೆ. ಒಳ್ಳೆಯ ಅಂಕೆ. ಒಂದು ಹನಿಗೆ ಟ್ರಿಪಾನ್ ಬ್ಲೂ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದೆವು. ಸತ್ತ ಕಣ ನೀಲಿಯಾಗುತ್ತದೆ. ನೀಲಿ ಅಪರೂಪಕ್ಕೊಂದು ಕಂಡಿತು. ರಕ್ತ ತೆಗೆದ ಎರಡೂವರೆ ಗಂಟೆಗೆ ಅದೇ ಕಣಗಳು ಅವರ ರಕ್ತನಾಳಕ್ಕೆ ವಾಪಸ್ ಹೋದವು.

ಮೂರು ಗಂಟೆಯ ಚಿತ್ರ

ಮೊದಲ ಚಿತ್ರವನ್ನು ಸೊಂಟದ್ದಲ್ಲ, ಎದೆ-ಹೊಟ್ಟೆಯದ್ದು ತೆಗೆಯುತ್ತೇವೆ. ಕಣಗಳು ಆರೋಗ್ಯವಾಗಿದ್ದರೆ ಮೊದಲು ಶ್ವಾಸಕೋಶದಲ್ಲಿ ಸ್ವಲ್ಪ ಹೊತ್ತು ತಂಗಿ, ಅಲ್ಲಿಂದ ಹೊರಟು ಸ್ಪ್ಲೀನ್‌ಗೆ (ಗುಲ್ಮ), ಲಿವರ್‌ಗೆ, ಮೂಳೆ ಮಜ್ಜೆಗೆ ಹೋಗುತ್ತವೆ. ಸ್ಪ್ಲೀನ್ ಲಿವರ್‌ಗಿಂತ ಹೆಚ್ಚು ಬೆಳಗಬೇಕು. ಶ್ವಾಸಕೋಶ ಖಾಲಿಯಾಗದೆ ಉಳಿದರೆ, ಅಥವಾ ಲಿವರ್ ಸ್ಪ್ಲೀನನ್ನು ಮೀರಿಸಿದರೆ, ಲ್ಯಾಬಿನಲ್ಲಿ ಕಣಗಳಿಗೆ ಪೆಟ್ಟಾಗಿದೆ ಎಂದರ್ಥ. ಆಗ ಮುಂದಿನದ್ದನ್ನು ನಂಬುವಂತಿಲ್ಲ. ಇವರಲ್ಲಿ ಎಲ್ಲ ಸರಿಯಿತ್ತು.

ಕಣಗಳನ್ನು ವಾಪಸ್ ಕೊಟ್ಟು ಮೂರು ಗಂಟೆಯಾದ ಮೇಲೆ ಸೊಂಟದ ಚಿತ್ರ ತೆಗೆದಾಗ ಬಲಗಡೆ ಎರಡು ಜಾಗ ಬೆಳಗಿದ್ದವು. ಒಂದು ತೊಡೆಮೂಳೆಯ ಮೇಲ್ತುದಿಯಲ್ಲಿ, ಹೊರಗೆ ಕೈಗೆ ಸಿಗುವ ಉಬ್ಬಿನ ಹತ್ತಿರ. ಇನ್ನೊಂದು ಸ್ಟೆಮ್‌ನ ಕೆಳ ಅರ್ಧದಲ್ಲಿ, ಎಕ್ಸ್-ರೇಯ ಕಪ್ಪು ಗೆರೆ ಇದ್ದ ಕಡೆ. ಮೇಲಿನದ್ದು ಎದ್ದು ಕಾಣುತ್ತಿತ್ತು, ಕೆಳಗಿನದ್ದು ಮಂಕು.

"ಪಾಸಿಟಿವ್ ಅಲ್ವಾ ಸರ್? ಮೇಲಿನದ್ದಂತೂ ಪಕ್ಕಾ" ಎಂದರು ಜೊತೆಗಿದ್ದ ಸ್ನಾತಕೋತ್ತರ ವಿದ್ಯಾರ್ಥಿನಿ.

ಇಲ್ಲಿಯೇ ಈ ಸ್ಕ್ಯಾನ್ ಜನರನ್ನು ಎಡವಿಸುವುದು. ನಾವು ನೋಡುತ್ತಿರುವುದು ಕೀಟಾಣುವನ್ನಲ್ಲ, ಬಿಳಿಕಣವನ್ನು. ಪೊಲೀಸರು ಗುಂಪಾಗಿ ನಿಂತಿರುವ ಕಡೆ ಗಲಾಟೆ ನಡೆಯುತ್ತಿರಬಹುದು, ಅಥವಾ ಅದು ಪೊಲೀಸ್ ಠಾಣೆಯೇ ಇರಬಹುದು. ಬಿಳಿಕಣಗಳಿಗೆ ಠಾಣೆ ಎಂದರೆ ಕೆಂಪು ಮಜ್ಜೆ, ರಕ್ತಕಣ ಹುಟ್ಟುವ ಮೂಳೆಯ ಒಳತಿರುಳು. ವಯಸ್ಕರ ತೊಡೆಮೂಳೆಯ ಕೆಳಗಡೆ ಅದು ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಆಪರೇಷನ್‌ನಲ್ಲಿ ಮೂಳೆಯ ಒಳಗನ್ನು ಕೆರೆದು ಲೋಹ ಇಳಿಸಿದಾಗ ಮಜ್ಜೆ ಅತ್ತಿತ್ತ ಸರಿಯುತ್ತದೆ, ಒಬ್ಬೊಬ್ಬರಲ್ಲಿ ಒಂದೊಂದು ಕಡೆ ಉಳಿಯುತ್ತದೆ. ಎಡ ಸೊಂಟದ ಜೊತೆ ಹೋಲಿಸಿ "ಈ ಕಡೆ ಜಾಸ್ತಿ" ಎಂದು ಹೇಳುವ ಹಾಗಿಲ್ಲ.

ಹಾಗಾಗಿ ರಿಪೋರ್ಟ್ ಬರೆಯಲಿಲ್ಲ. ಮರುದಿನ ಬೆಳಿಗ್ಗೆ ಬರಲು ಹೇಳಿದೆವು.

ಇಪ್ಪತ್ತು ಗಂಟೆಯ ಚಿತ್ರ

ಸೋಂಕಿನ ಜಾಗಕ್ಕೆ ಬಿಳಿಕಣ ಬರುತ್ತಲೇ ಇರುತ್ತದೆ. ಗಂಟೆ ಕಳೆದಂತೆ ಗುರುತು ಹೆಚ್ಚಾಗುತ್ತದೆ, ಇಲ್ಲವೇ ಅದರ ಹರವು ದೊಡ್ಡದಾಗುತ್ತದೆ. ಮಜ್ಜೆಯಲ್ಲಿ ಹಾಗಲ್ಲ. ಬೇಗ ತುಂಬಿ, ಆಮೇಲೆ ಅಷ್ಟೇ ಇರುತ್ತದೆ ಅಥವಾ ಇಳಿಯುತ್ತದೆ. ಸೋಂಕಿಲ್ಲದ ಉರಿಯೂತವೂ ಹೆಚ್ಚುಕಡಿಮೆ ಹಾಗೇ. ಆದ್ದರಿಂದ ಒಂದು ಚಿತ್ರದ ಬೆಳಕಿಗಿಂತ ಎರಡು ಚಿತ್ರಗಳ ನಡುವಿನ ವ್ಯತ್ಯಾಸಕ್ಕೆ ಬೆಲೆ ಜಾಸ್ತಿ.

ಆದರೆ ಆ ವ್ಯತ್ಯಾಸ ನಿಜವಾದದ್ದಾಗಿರಬೇಕು. ಟೆಕ್ನೀಷಿಯಂ ಆರು ಗಂಟೆಗೊಮ್ಮೆ ಅರ್ಧವಾಗುತ್ತದೆ. ಒಂದು ಗಂಟೆಯ ಚಿತ್ರಕ್ಕೆ 100 ಸೆಕೆಂಡ್ ಕೊಟ್ಟರೆ, ಮೂರು ಗಂಟೆಯದಕ್ಕೆ 126 ಸೆಕೆಂಡ್ ಬೇಕು, ಇಪ್ಪತ್ತು ಗಂಟೆಯದಕ್ಕೆ ಸುಮಾರು 895 ಸೆಕೆಂಡ್, ಅಂದರೆ ಕಾಲು ಗಂಟೆ. ಹೀಗೆ ಕ್ಷಯಿಸಿದ್ದನ್ನು ಸಮಯದಿಂದ ತುಂಬಿಕೊಂಡರೆ ಮೂರು ಚಿತ್ರಗಳನ್ನೂ ಒಂದೇ ಅಳತೆಯ ಬಣ್ಣದಲ್ಲಿ ಪಕ್ಕಪಕ್ಕ ಇಟ್ಟು ನೋಡಬಹುದು. ಇದನ್ನು ಮಾಡದೆ ಪ್ರತಿ ಚಿತ್ರದ ಹೊಳಪನ್ನು ಕಂಪ್ಯೂಟರ್ ತಾನೇ ಹೊಂದಿಸಲಿ ಎಂದು ಬಿಟ್ಟರೆ, ಅದು ಪ್ರತಿ ಚಿತ್ರದಲ್ಲೂ ಅತಿ ಹೆಚ್ಚು ಬೆಳಗಿದ ಜಾಗವನ್ನು ಹಿಡಿದು ಉಳಿದದ್ದನ್ನು ಹೊಂದಿಸುತ್ತದೆ. ಮರುದಿನ ಎಲ್ಲವೂ ಮಂಕಾಗಿದ್ದರೂ ಚಿತ್ರದಲ್ಲಿ ಹೊಳೆಯುತ್ತದೆ. ನೋಡುವವರು "ಹೆಚ್ಚಾಗಿದೆ" ಅನ್ನುತ್ತಾರೆ. ಯಂತ್ರ ಮಾಡಿದ ಹೆಚ್ಚಳಕ್ಕೆ ರೋಗಿಯ ಸೊಂಟ ತೆರೆಯುವಂತಾಗಬಾರದು. ಬಿಳಿಕಣ ಸ್ಕ್ಯಾನ್ ನಂಬಿಕೆಗೆ ಬಾರದು ಎಂದು ಹೇಳುವ ಶಸ್ತ್ರಚಿಕಿತ್ಸಕರನ್ನು ಕಂಡಿದ್ದೇನೆ. ಅವರಿಗೆ ಬಂದ ರಿಪೋರ್ಟ್‌ಗಳಲ್ಲಿ ಎಷ್ಟು ಹೀಗೆ ತೆಗೆದವೋ ಎಂಬ ಅನುಮಾನ ನನಗಿದೆ.

ಬೆಳಿಗ್ಗೆಯ ಕಾಲು ಗಂಟೆ ಅವರು ಕದಲದೆ ಮಲಗಿದ್ದರು. ನೋಯುವ ಸೊಂಟದಲ್ಲಿ ಅದು ಸುಲಭವಲ್ಲ. ಮಂಡಿಯ ಕೆಳಗೆ ದಿಂಬು ಕೊಟ್ಟು, ಪಾದಗಳನ್ನು ಪಟ್ಟಿಯಿಂದ ಸಡಿಲವಾಗಿ ಸೇರಿಸಿ ಕಟ್ಟಿದ್ದೆವು.

ಎಡ ತೊಡೆಯ ಅದೇ ಮಟ್ಟವನ್ನು ಆಧಾರವಾಗಿಟ್ಟು ಲೆಕ್ಕ ಹಾಕಿದೆವು. ಮೇಲಿನ ಚುಕ್ಕೆ ಮೂರು ಗಂಟೆಗೆ 2.4 ಪಟ್ಟು ಇತ್ತು, ಇಪ್ಪತ್ತು ಗಂಟೆಗೆ 2.1ಕ್ಕೆ ಇಳಿದಿತ್ತು. ಕೆಳಗಿನದ್ದು 1.7ರಿಂದ 2.6ಕ್ಕೆ ಏರಿತ್ತು. ಅಷ್ಟೇ ಅಲ್ಲ, ಸ್ಟೆಮ್‌ನ ಉದ್ದಕ್ಕೂ ಎರಡು ಬೆರಳಿನಷ್ಟು ಹಿಗ್ಗಿತ್ತು. ಸ್ಪೆಕ್ಟ್-ಸಿಟಿಯಲ್ಲಿ, ಅಂದರೆ ಈ ಬೆಳಕನ್ನು ಸಿಟಿ ಚಿತ್ರದ ಮೇಲಿಟ್ಟು ಮೂರು ಆಯಾಮದಲ್ಲಿ ನೋಡಿದಾಗ, ಅದು ಮಾಂಸದಲ್ಲಿರಲಿಲ್ಲ. ಲೋಹಕ್ಕೂ ಮೂಳೆಗೂ ನಡುವಿನ ಸಂದಿನಲ್ಲೇ ಕೂತಿತ್ತು.

ಹಿಂದಿನ ದಿನ "ಪಕ್ಕಾ" ಎನಿಸಿದ್ದು ಇಳಿದಿತ್ತು. ಮಂಕಾಗಿದ್ದದ್ದು ಬೆಳೆದಿತ್ತು.

ಮಜ್ಜೆಯ ಚಿತ್ರ

ಇಷ್ಟಕ್ಕೇ ರಿಪೋರ್ಟ್ ಕೊಡುವ ವಿಭಾಗಗಳಿವೆ, ತಪ್ಪೂ ಅಲ್ಲ. ಆದರೆ ಮೇಲಿನ ಚುಕ್ಕೆ ಪೂರ್ತಿ ಹೋಗಿರಲಿಲ್ಲ. 2.1 ಅಂದರೆ ಸಣ್ಣದೇನಲ್ಲ. ಅದು ಮಜ್ಜೆಯೇ ಎಂದು ಊಹಿಸಿ ಬಿಡುವ ಬದಲು ಮಜ್ಜೆಯನ್ನೇ ಚಿತ್ರ ತೆಗೆಯಬಹುದು. ಟೆಕ್ನೀಷಿಯಂ ಅಂಟಿಸಿದ ಕೊಲಾಯ್ಡ್ ಕೊಟ್ಟರೆ ಅದರ ಸಣ್ಣ ಕಣಗಳನ್ನು ಲಿವರ್, ಸ್ಪ್ಲೀನ್ ಮತ್ತು ಮಜ್ಜೆಯಲ್ಲಿನ ಮ್ಯಾಕ್ರೋಫೇಜ್‌ಗಳು ನುಂಗಿಕೊಳ್ಳುತ್ತವೆ. ಮಜ್ಜೆ ಇದ್ದಲ್ಲಿ ಬಿಳಿಕಣವೂ ಬೆಳಗುತ್ತದೆ, ಕೊಲಾಯ್ಡ್ ಕೂಡ ಬೆಳಗುತ್ತದೆ. ಸೋಂಕಾದಲ್ಲಿ ಬಿಳಿಕಣ ಬೆಳಗುತ್ತದೆ, ಕೊಲಾಯ್ಡ್ ಬೆಳಗುವುದಿಲ್ಲ. ಎರಡೂ ಚಿತ್ರ ಹೊಂದಿದರೆ ಮಜ್ಜೆ, ಹೊಂದದಿದ್ದರೆ ಸೋಂಕು. ಕೃತಕ ಕೀಲಿನ ಸೋಂಕಿಗೆ ಈ ಜೋಡಿ ಸುಮಾರು 90 ಶೇಕಡಾ ಸರಿಯಾದ ಉತ್ತರ ಕೊಡುತ್ತದೆ.

ಇಂಡಿಯಂನಿಂದ ಬಿಳಿಕಣಕ್ಕೆ ಗುರುತು ಹಚ್ಚಿದ್ದರೆ ಎರಡನ್ನೂ ಒಟ್ಟಿಗೆ ತೆಗೆಯಬಹುದಿತ್ತು, ಅದರ ಕಿರಣಗಳ ಶಕ್ತಿ ಬೇರೆ. ನಾವು ಎರಡಕ್ಕೂ ಟೆಕ್ನೀಷಿಯಂ ಬಳಸಿದ್ದರಿಂದ ಮೊದಲಿನದ್ದು ಮಾಯವಾಗಲು ಮೂರು ದಿನ ಬಿಟ್ಟೆವು. ಅಷ್ಟರಲ್ಲಿ ಹನ್ನೆರಡು ಅರ್ಧಾಯುಷ್ಯ ಕಳೆದು ನಾಲ್ಕು ಸಾವಿರದಲ್ಲೊಂದು ಪಾಲು ಉಳಿದಿರುತ್ತದೆ. ಮೂರು ದಿನ ಕಾಯುವುದಕ್ಕೆ ಶಸ್ತ್ರಚಿಕಿತ್ಸಕರು ಗೊಣಗಿದರು. ಎಂಟು ತಿಂಗಳು ಕಾದವರಿಗೆ ಮೂರು ದಿನ ಹೆಚ್ಚಲ್ಲ ಎಂದೆ.

ಕೊಲಾಯ್ಡ್ ಚಿತ್ರದಲ್ಲಿ ಮೇಲಿನ ಚುಕ್ಕೆ ಅದೇ ಆಕಾರದಲ್ಲಿ ಬೆಳಗಿತ್ತು. ಕೆಳಗಿನ ಜಾಗ ಖಾಲಿ.

ರಿಪೋರ್ಟ್‌ನಲ್ಲಿ ಹೀಗೆ ಬರೆದೆವು: ಬಲ ಸ್ಟೆಮ್‌ನ ಕೆಳ ಅರ್ಧದ ಸುತ್ತ ಬಿಳಿಕಣ ಶೇಖರಣೆ, ಸಮಯದೊಂದಿಗೆ ಹೆಚ್ಚುತ್ತಿದೆ, ಮಜ್ಜೆಯ ಚಿತ್ರದೊಂದಿಗೆ ಹೊಂದುವುದಿಲ್ಲ, ಸೋಂಕು. ಮೇಲ್ತುದಿಯ ಶೇಖರಣೆ ಮಜ್ಜೆಯದು. ಬಟ್ಟಲಿನ (ಸೊಂಟದ ಮೂಳೆಗೆ ಕೂರಿಸಿದ ಕಪ್‌ನ) ಭಾಗದಲ್ಲಿ ಶೇಖರಣೆ ಇಲ್ಲ. ಜೊತೆಗೆ ಚಿತ್ರ ತೆಗೆದ ಗಂಟೆಗಳು, ಲೇಬಲಿಂಗ್‌ನ ಶೇಕಡಾವಾರು ಮತ್ತು ಆ್ಯಂಟಿಬಯಾಟಿಕ್ ನಿಲ್ಲಿಸಿ ಆರು ವಾರವಾಗಿತ್ತು ಎಂಬುದನ್ನೂ ಸೇರಿಸಿದೆವು. "ಹೊಂದಿಸಿ ನೋಡುವುದು" ಎಂದು ಬರೆಯಲಿಲ್ಲ.

ವಿಕಿರಣದ ಲೆಕ್ಕವನ್ನು ಅವರ ಮಗಳು ಕೇಳಿದರು. ಸಿಟಿ ಬಿಟ್ಟು ಎರಡೂ ಪರೀಕ್ಷೆ ಸೇರಿ 5 ಮಿಲಿಸೀವರ್ಟ್ ಒಳಗೆ. ಭೂಮಿಯ ಮೇಲೆ ಸುಮ್ನೆ ಬದುಕಿರುವುದಕ್ಕೇ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಗಲುತ್ತದೆ. ಅಂದರೆ ಎರಡು ವರ್ಷದ್ದು.

ಕೀಟಾಣುಗೇ ಅಂಟುವ ಟ್ರೇಸರ್ ಇಲ್ವಾ?

ರಿಪೋರ್ಟ್ ಚರ್ಚೆಯಲ್ಲಿ ಶಸ್ತ್ರಚಿಕಿತ್ಸಕರು ಕೇಳಿದ್ದು ಇದು. ರಕ್ತ ತೆಗೆದು, ತೊಳೆದು, ಎರಡು ದಿನ ಚಿತ್ರ ತೆಗೆದು, ಮೂರು ದಿನ ಬಿಟ್ಟು ಮತ್ತೆ ಕರೆಸಿ! ಒಂದು ಇಂಜೆಕ್ಷನ್‌ನಲ್ಲಿ ಕೀಟಾಣುವನ್ನೇ ಹಿಡಿಯುವ ಉಪಾಯ ಇಲ್ಲವೇ?

ಪ್ರಯತ್ನಗಳು ಬೇಕಾದಷ್ಟು ಆಗಿವೆ. ರಕ್ತ ಹೊರತೆಗೆಯುವ ಗೋಜು ತಪ್ಪಿಸಲು, ದೇಹದೊಳಗೇ ನ್ಯೂಟ್ರೋಫಿಲ್‌ಗೆ ಅಂಟುವ ಪ್ರತಿಕಾಯಗಳನ್ನು ತಯಾರಿಸಿದರು. ಸುಲೆಸೊಮ್ಯಾಬ್, ಬೆಸಿಲೆಸೊಮ್ಯಾಬ್ ಯುರೋಪಿನಲ್ಲಿ ಬಳಕೆಗೆ ಬಂದವು. ಅಮೆರಿಕದಲ್ಲಿ 2004ರಲ್ಲಿ ಒಪ್ಪಿಗೆ ಪಡೆದ ಫ್ಯಾನೊಲೆಸೊಮ್ಯಾಬ್ ಮುಂದಿನ ವರ್ಷವೇ ಮಾರುಕಟ್ಟೆಯಿಂದ ಹೊರಬಿತ್ತು. ಅದನ್ನು ಕೊಟ್ಟ ಕೆಲವರಿಗೆ ಉಸಿರು-ಹೃದಯದ ಗಂಭೀರ ತೊಂದರೆಯಾಗಿತ್ತು, ಸಾವೂ ಆಗಿತ್ತು. ಏನೇ ಆದರೂ ಇವೂ ಬಿಳಿಕಣವನ್ನೇ ತೋರಿಸುತ್ತವೆ, ಮಜ್ಜೆಯ ತಕರಾರು ಹಾಗೇ ಉಳಿಯುತ್ತದೆ.

ಕೀಟಾಣುವನ್ನೇ ಹಿಡಿಯಲು ಸಿಪ್ರೊಫ್ಲೊಕ್ಸಾಸಿನ್‌ಗೆ ಟೆಕ್ನೀಷಿಯಂ ಕಟ್ಟಿದರು. 1990ರ ದಶಕದಲ್ಲಿ ಬಹಳ ನಿರೀಕ್ಷೆ ಹುಟ್ಟಿಸಿತ್ತು. ಆಮೇಲಿನ ಪರೀಕ್ಷೆಗಳಲ್ಲಿ ಅದು ಸೋಂಕನ್ನೂ ಬರೀ ಉರಿಯೂತವನ್ನೂ ಬೇರ್ಪಡಿಸುತ್ತದೆ ಎಂಬುದಕ್ಕೆ ಒಮ್ಮತ ಸಿಗಲಿಲ್ಲ. ಬ್ಯಾಕ್ಟೀರಿಯಾದ ಪೊರೆಗೆ ಅಂಟುವ ಯುಬಿಕ್ವಿಸಿಡಿನ್ ಎಂಬ ಪೆಪ್ಟೈಡ್ ತುಣುಕಿನ ಮೇಲೆ ಕೆಲಸ ಮುಂದುವರಿದಿದೆ. ಫ್ಲೋರಿನ್-18 ಹಚ್ಚಿದ ಸಾರ್ಬಿಟಾಲ್ ನನಗೆ ಎಲ್ಲಕ್ಕಿಂತ ಇಷ್ಟವಾದ ಉಪಾಯ. ನಮ್ಮ ಜೀವಕೋಶ ಅದನ್ನು ಅಷ್ಟಾಗಿ ಮುಟ್ಟುವುದಿಲ್ಲ, ಇ. ಕೊಲೈ, ಕ್ಲೆಬ್ಸಿಯೆಲ್ಲಾ ಗುಂಪಿನ ಬ್ಯಾಕ್ಟೀರಿಯಾ ತಿನ್ನುತ್ತವೆ. ಆದರೆ ಸ್ಟ್ಯಾಫಿಲೊಕಾಕಸ್ ತಿನ್ನುವುದಿಲ್ಲ, ಕೃತಕ ಕೀಲಿನಲ್ಲಿ ಹೆಚ್ಚಾಗಿ ಸಿಗುವುದೋ ಅದೇ. ಇನ್ನೊಂದು ಕಷ್ಟ, ಬಯೋಫಿಲ್ಮ್ ಎಂಬ ಲೋಳೆಪದರದಲ್ಲಿ ಅಂಟಿ ಕೂತ ಕೀಟಾಣುಗಳ ಸಂಖ್ಯೆ ಕಡಿಮೆ, ಚಟುವಟಿಕೆಯೂ ಮಂದ. ಒಂದೊಂದು ಕೀಟಾಣುವಿನ ಎದುರು ದೇಹ ಕಳಿಸುವ ಬಿಳಿಕಣಗಳ ದಂಡು ಬಹಳ ದೊಡ್ಡದು. ದಂಡನ್ನು ಕಾಣುವುದೇ ಕ್ಯಾಮೆರಾಗೆ ಸುಲಭ.

ಅವರ ಎರಡನೆಯ ಪ್ರಶ್ನೆ ಇನ್ನೂ ಚೆನ್ನಾಗಿತ್ತು. "ಬಟ್ಟಲಿನ ಕಡೆ ಏನೂ ಇಲ್ಲ ಅಂತೀರಿ. ಹಾಗಾದ್ರೆ ಬಟ್ಟಲು ಉಳಿಸಿಕೊಳ್ಳಲಾ?" ಬೇಡ ಎಂದೆ. ಶೇಖರಣೆ ಇಲ್ಲ ಎಂದರೆ ಕೀಟಾಣು ಇಲ್ಲ ಎಂದಲ್ಲ. ಎರಡೂ ಒಂದೇ ಕೀಲಿನ ದ್ರವದಲ್ಲಿ ಮುಳುಗಿವೆ. ಅವರ ಮನಸ್ಸಿನಲ್ಲಿದ್ದದ್ದೂ ಅದೇ.

ಆಪರೇಷನ್ ಮತ್ತು ಆಮೇಲೆ

ಲೋಹವನ್ನೆಲ್ಲ ತೆಗೆದರು. ಐದು ಜಾಗದಿಂದ ಅಂಗಾಂಶದ ತುಂಡು ಕಳಿಸಿದರು. ಅದರಲ್ಲಿ ಒಂದು, ನಾವು ಕೇಳಿಕೊಂಡಂತೆ, ಮೇಲಿನ ಚುಕ್ಕೆಯ ಜಾಗದ್ದು. ಕಲ್ಚರ್ 14 ದಿನ ಇಟ್ಟರು, ನಿಧಾನವಾಗಿ ಬೆಳೆಯುವ ಕೀಟಾಣುಗಳಿಗೆ ಅಷ್ಟು ಬೇಕು. ನಾಲ್ಕು ತುಂಡುಗಳಲ್ಲಿ ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್ ಬೆಳೆಯಿತು. ಚರ್ಮದ ಮೇಲೆ ಎಲ್ಲರಲ್ಲೂ ಇರುವ ಸಾಧು ಜೀವಿ, ಲೋಹ ಸಿಕ್ಕರೆ ಬಯೋಫಿಲ್ಮ್ ಕಟ್ಟಿಕೊಂಡು ವರ್ಷಗಟ್ಟಲೆ ಸದ್ದಿಲ್ಲದೆ ಕೂರುತ್ತದೆ. ಜ್ವರ, ಕೀವು ಯಾವುದೂ ಇರಲಿಲ್ಲ ಏಕೆ ಎನ್ನುವುದಕ್ಕೆ ಉತ್ತರ ಅಲ್ಲಿದೆ. ಐದನೆಯ ತುಂಡಿನಲ್ಲಿ, ಮೇಲಿನ ಚುಕ್ಕೆಯದರಲ್ಲಿ, ಏನೂ ಬೆಳೆಯಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಬರೀ ಕೆಂಪು ಮಜ್ಜೆ.

ಆ್ಯಂಟಿಬಯಾಟಿಕ್ ಬೆರೆಸಿದ ತಾತ್ಕಾಲಿಕ ಕೀಲಿನೊಂದಿಗೆ ಅವರು ಊರುಗೋಲು ಹಿಡಿದು ನಡೆದರು. ಔಷಧಿ ಮುಗಿಯುತ್ತಾ ಬಂದಾಗ ಮತ್ತೆ ಚೀಟಿ ಬಂತು: "ಹೊಸ ಕೀಲು ಹಾಕುವ ಮೊದಲು ಇನ್ನೊಂದು ಬಿಳಿಕಣ ಸ್ಕ್ಯಾನ್ ಮಾಡೋಣವೇ?"

ಮಾಡಲಿಲ್ಲ. ಮೂಳೆಯನ್ನು ಮತ್ತೊಮ್ಮೆ ಕೆರೆದಿದ್ದರಿಂದ ಮಜ್ಜೆ ಮತ್ತೆ ಚದುರಿತ್ತು. ಮೊದಲಿನ ಚಿತ್ರದ ಜೊತೆ ಹೋಲಿಸುವ ಹಾಗಿರಲಿಲ್ಲ. ಔಷಧಿಯ ಏಟಿಗೆ ಕೀಟಾಣು ಕಡಿಮೆಯಾಗಿ ಬಿಳಿಕಣ ಬರುವುದು ನಿಂತಿದ್ದರೆ ಸ್ಕ್ಯಾನ್ ನೆಗೆಟಿವ್ ಬರುತ್ತದೆ, ಆದರೆ ಸೋಂಕು ಹೋಗಿದೆ ಎಂಬ ಭರವಸೆ ಅದರಿಂದ ಸಿಗುವುದಿಲ್ಲ. ಪಾಸಿಟಿವ್ ಬಂದರೆ ಆಪರೇಷನ್ ಗಾಯ ಮಾಯುತ್ತಿರುವುದೂ ಕಾರಣವಾಗಿರಬಹುದು. ಎರಡರಲ್ಲಿ ಯಾವುದು ಬಂದರೂ ಶಸ್ತ್ರಚಿಕಿತ್ಸಕರ ನಿರ್ಧಾರ ಬದಲಾಗುವುದಿಲ್ಲ ಎಂದು ಅವರೇ ಒಪ್ಪಿಕೊಂಡರು. ಗಾಯ ಒಣಗಿತ್ತು, ಸಿಆರ್‌ಪಿ 10ಕ್ಕೆ, ಅಂದರೆ ಅವರ ಮಟ್ಟಿಗೆ ಸಹಜವಾದ ಅಂಕೆಗೆ, ಇಳಿದು ನಿಂತಿತ್ತು. ಅದರ ಮೇಲೆಯೇ ಹನ್ನೊಂದನೆಯ ವಾರ ಹೊಸ ಕೀಲು ಹಾಕಿದರು. ಆ ಹೊತ್ತಿನಲ್ಲಿ ತೆಗೆದ ಐದು ತುಂಡುಗಳಲ್ಲೂ ಏನೂ ಬೆಳೆಯಲಿಲ್ಲ.